ಚಪ್ಪಲಿ ಶೀಟಿನ ಕವಚ

ಪೀಣ್ಯದಲ್ಲಿ ನಾನು ಕೆಲಸಕ್ಕಿದ್ದ ಶೆಡ್ಡಿನಲ್ಲಿ ಫೋಮ್ ಕತ್ತರಿಸುತ್ತಿದ್ದೆವು. ಸುತ್ತಲಿನ ಕಾರ್ಖಾನೆಗಳ ಮೀಟರು, ವಾಲ್ವುಗಳು ಲಾರಿಯಲ್ಲಿ ಹೋಗುವಾಗ ಒಂದಕ್ಕೊಂದು ತಾಗದಿರಲೆಂದು ಪೆಟ್ಟಿಗೆಯೊಳಗೆ ಇಡುವ ಮೆತ್ತೆಗಳು ನಮ್ಮವು. ವಸ್ತುವಿನ ಆಕಾರವನ್ನು ಕಾಗದದ ಮೇಲೆ ಇಳಿಸಿ, ಫೋಮಿನಲ್ಲಿ ಅದಕ್ಕೊಂದು ಗೂಡು ಕೊರೆಯುವುದು ನನ್ನ ಪಾಲಿನ ಕೆಲಸ. ಗಂಡ ಎರಡು ರಸ್ತೆ ಆಚೆಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸಕ್ಕಿದ್ದ. ಮನೆ ಲಗ್ಗೆರೆಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ನಾವಿಬ್ಬರೂ ದಾವಣಗೆರೆ ಕಡೆಯವರು.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ಸಂಕ್ರಾಂತಿ ಆದಮೇಲೆ, ಎಂಟು ತಿಂಗಳು ತುಂಬಿದ್ದ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು. ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರು. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಊರಿಂದ ಅವ್ವ ಬಂದು ಒಂದಿಷ್ಟು ದಿನ ಇದ್ದು ಹೋದಳು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು, ಆಮೇಲೆ ಜ್ವರವೂ ಹೋಯಿತು. ನಾನು ಮತ್ತೆ ಶೆಡ್ಡಿಗೆ ಹೋಗತೊಡಗಿದೆ.

ದುಃಖವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ಅನ್ನ ಬೇಯಿಸುತ್ತಿದ್ದೆ, ತಿನ್ನುತ್ತಿದ್ದೆ, ಬಸ್ಸಿನಲ್ಲಿ ನಿಲ್ಲುತ್ತಿದ್ದೆ. ಬ್ಲೇಡು ಒಮ್ಮೆ ಬೆರಳಿಗೆ ತಾಗಿ ಫೋಮೆಲ್ಲ ಕೆಂಪಾದಾಗ ಪಕ್ಕದವಳು ಕೂಗಿಕೊಂಡಳು. ನಾನು ಆ ತುಂಡನ್ನು ತೆಗೆದಿಟ್ಟು ಬೇರೆ ಶೀಟು ಎಳೆದುಕೊಂಡೆ. ಎಲ್ಲರಿಗೂ ನನ್ನ ಮುಖ ನೋಡುವುದೊಂದು ಕೆಲಸವಾಗಿತ್ತು. ಮನೆ ಓನರಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಲಗ್ಗೆರೆ ಹೊಲಗದ್ದೆಯಾಗಿದ್ದಾಗಿನಿಂದ ಅಲ್ಲಿಯವರು. "ಇಂಗೇ ಮರಗಟ್ಕಂಡು ಕುಂತ್ರೆ ಎಂಗವ್ವಾ? ಒಂದ್ಸಲ ಅತ್ತುಬುಡು, ಸರ್ಯಾಯ್ತದೆ," ಎನ್ನುತ್ತಿದ್ದರು. ಅಳು ಬರುತ್ತಿರಲಿಲ್ಲ. ಅವರ ಸಮಾಧಾನಕ್ಕಾಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ದಿನ ನಮ್ಮ ಮಾಲೀಕರ ಜೊತೆ ಗಡ್ಡ ಬಿಟ್ಟ ಒಬ್ಬ ಹುಡುಗ ಬಂದ. ಯಾವುದೋ ಟಿವಿ ಧಾರಾವಾಹಿಗೆ ಕಲಾ ನಿರ್ದೇಶಕನಂತೆ. ಮಕ್ಕಳಿಗಾಗಿ ತೆಗೆಯುತ್ತಿದ್ದ ಬಾಹ್ಯಾಕಾಶದ ಕಥೆ. ಬೇರೆ ಗ್ರಹಕ್ಕೆ ಇಳಿಯುವ ಐವರು ಸೈನಿಕರು, ಅವರಿಗೆ ತಲೆಯಿಂದ ಕಾಲಿನವರೆಗೆ ಕವಚ ಬೇಕು. ತಗಡಿನಲ್ಲಿ ಮಾಡಿಸಿ ನೋಡಿದ್ದನಂತೆ, ಹಾಕಿಕೊಂಡವನು ಕೂರಲಾಗದೆ ಕಂಕುಳು ಕೊಯ್ದುಕೊಂಡನಂತೆ.

"ಮೇಡಂ, ನೋಡೋಕೆ ಕಬ್ಬಿಣ ಇರ್ಬೇಕು, ಹಾಕ್ಕೊಂಡ್ರೆ ಸ್ವೆಟರ್ ಥರ ಇರ್ಬೇಕು. ಆಗುತ್ತಾ?" ಎಂದು ಚಿತ್ರಗಳನ್ನು ನನ್ನ ಮುಂದೆ ಹರಡಿದ.

ನಾನು ಚಿತ್ರ ನೋಡಿದೆ. ಎದೆಗೊಂದು ಚಿಪ್ಪು, ಬೆನ್ನಿಗೊಂದು, ಭುಜಕ್ಕೆ ಬಟ್ಟಲು, ತೊಡೆಗೆ, ಮೊಣಕಾಲಿಗೆ. ನಮ್ಮ ಕೆಲಸವೇ. ವಾಲ್ವಿನ ಬದಲು ಮನುಷ್ಯರನ್ನು ಒಳಗಿಡಬೇಕು, ಅಷ್ಟೇ. "ಚಪ್ಪಲಿ ಶೀಟಲ್ಲಿ ಮಾಡ್ಬಹುದು," ಎಂದೆ. ಹವಾಯಿ ಚಪ್ಪಲಿಯ ಅಡಿಗೆ ಹಾಕುವ ಗಟ್ಟಿ ಫೋಮ್ ಶೀಟು ನಮ್ಮಲ್ಲೇ ಬೇಕಾದಷ್ಟಿತ್ತು. ಮಾಲೀಕರು ನನ್ನನ್ನು ಬೇರೆ ಕೆಲಸದಿಂದ ಬಿಡಿಸಿ ಅದಕ್ಕೇ ಹಾಕಿದರು.

ನಾಲ್ವರು ಗಂಡಸರ ಅಳತೆ ಕೊಟ್ಟಿದ್ದರು. ಐದನೆಯದು ತಂಡದ ನಾಯಕಿಯದು. ಅವಳ ಪಾತ್ರಕ್ಕೆ ಹುಡುಗಿ ಇನ್ನೂ ಗೊತ್ತಾಗಿರಲಿಲ್ಲ. "ಹೆಚ್ಚುಕಮ್ಮಿ ನಿಮ್ಮ ಥರಾನೇ ಇರ್ತಾರೆ ಮೇಡಂ, ನಿಮ್ ಅಳತೆಗೇ ಮಾಡ್ಬಿಡಿ," ಎಂದ ಕಲಾ ನಿರ್ದೇಶಕ. ಟೇಪು ಹಿಡಿದು ಅಳೆದರೆ ಸಾಲದು. ಮೈಯ ಉಬ್ಬು ತಗ್ಗು ಕಾಗದಕ್ಕೆ ಇಳಿಯಬೇಕಾದರೆ ಮೈಯನ್ನೇ ಸುತ್ತಬೇಕು. ಅದನ್ನು ನನಗೆ ನಾನೇ ಮಾಡಿಕೊಳ್ಳುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಗಂಡನಿಗೆ ಹೇಳಿದೆ.

ಅವನು ಬಾಗಿಲು ಹಾಕಿ ಬಂದ. ನಾನು ಹಳೆಯ ನೈಟಿ ಹಾಕಿಕೊಂಡು ಕೋಣೆಯ ನಡುವೆ ಕೈ ಅಗಲಿಸಿ ನಿಂತೆ. ಅವನು ನ್ಯೂಸ್ ಪೇಪರ್ ಹಾಳೆಗಳನ್ನು ಮೈಗೆ ಒತ್ತಿ, ಅದರ ಮೇಲೆ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪನ್ನು ಸುತ್ತುತ್ತ ಬಂದ. ಸೊಂಟದಿಂದ ಶುರು ಮಾಡಿ ಮೇಲಕ್ಕೆ. ಆಸ್ಪತ್ರೆಯಿಂದ ಬಂದಮೇಲೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಲೇತಿನ ಕೈ, ಒರಟು, ಆದರೆ ಅಂದಾಜು ಸರಿ ಇತ್ತು. ಎಲ್ಲೂ ಸುಕ್ಕು ಬರದಂತೆ ಎಳೆದು ಅಂಟಿಸುತ್ತಿದ್ದ.

"ಹೊಟ್ಟೆ ಒಳಗೆ ಎಳ್ಕೋಬ್ಯಾಡ. ಇದ್ದಂಗೇ ಇರು," ಎಂದ.

"ಎಳ್ಕೊಂಡಿಲ್ಲ. ಇರೋದೇ ಅಷ್ಟು."

ಅವನು ಹಿಂದಕ್ಕೆ ಹೋಗಿ ನಿಂತ. ಬೆನ್ನ ಹಿಂದೆ ಟೇಪು ಹರಿಯುವ ಸದ್ದು ಮಾತ್ರ. ಎದೆಯವರೆಗೆ ಸುತ್ತಿಯಾಗಿತ್ತು, ನನಗೆ ತಿರುಗಲು ಆಗುತ್ತಿರಲಿಲ್ಲ. ಹಿಂದಿನಿಂದಲೇ ಹೇಳಿದ: "ಮೂಗು ನಿಂದೇ ಇತ್ತು."

ಯಾರದು ಎಂದು ನಾನು ಕೇಳಬೇಕಾಗಿರಲಿಲ್ಲ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಬಸವಣ್ಣನವರ ಪಟವಿತ್ತು. ಅದನ್ನೇ ನೋಡುತ್ತ ನಿಂತೆ. ಒಳಗೆ ಏನಾದರೂ ಅಲುಗೀತೆಂದು ಕಾದೆ. ಏನೂ ಅಲುಗಲಿಲ್ಲ.

"ಎಡಗಡೆ ಕಂಕುಳಲ್ಲಿ ಬಿಗಿ ಆಗೇತಿ. ಸಡ್ಲ ಮಾಡು," ಎಂದೆ.

ಸಡಿಲ ಮಾಡಿದ. ಮೈ ಎಲ್ಲೆಲ್ಲಿ ಬಾಗುತ್ತದೋ ಅಲ್ಲೆಲ್ಲ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಬೆನ್ನ ಮೇಲೆ ಮೇಲಿಂದ ಕೆಳಗೆ ಕತ್ತರಿ ಆಡಿಸಿದ. ನಾನು ಅದರೊಳಗಿಂದ ಹೊರಗೆ ಬಂದೆ. ನನ್ನ ಆಕಾರದ ಕಾಗದದ ಪೊರೆಯೊಂದು ನೆಲದ ಮೇಲೆ ಕೂತಿತ್ತು. ನೈಟಿಯೂ ಅದರ ಜೊತೆಗೇ ಕತ್ತರಿಸಿ ಹೋಗಿತ್ತು.

ಮುಂದಿನದೆಲ್ಲ ಶೆಡ್ಡಿನಲ್ಲಿ. ಆ ಪೊರೆಯನ್ನು ಗೆರೆಗಳ ಮೇಲೆ ಕತ್ತರಿಸಿ ಚಪ್ಪಟೆ ಮಾಡಿದೆ. ಚಪ್ಪಟೆಯಾಗಲು ಒಪ್ಪದ ಕಡೆ, ಬ್ಲೌಸಿಗೆ ಟಕ್ ಹಿಡಿಯುವಂತೆ ಮೂಲೆ ತೆಗೆದೆ. ಶೀಟನ್ನು ಕರೆಂಟ್ ಒಲೆಯ ಮೇಲೆ ಹಿಡಿದು, ಅದರ ಮೈ ಸ್ವಲ್ಪ ಹೊಳೆಯತೊಡಗಿದ ಕೂಡಲೇ ನೀರಿನ ಕೊಡದ ಬೆನ್ನಿಗೆ ಒತ್ತಿ ಹಿಡಿದರೆ, ತಣ್ಣಗಾಗುವಷ್ಟರಲ್ಲಿ ಭುಜದ ಬಟ್ಟಲು ಸಿದ್ಧ. ಒಂದು ಗಳಿಗೆ ತಡವಾದರೂ ಸುಟ್ಟು ನಾತ ಹೊಡೆಯುತ್ತಿತ್ತು. ರಬ್ಬರ್ ಗಮ್ಮನ್ನು ಎರಡೂ ಅಂಚಿಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಜೋಡಿಸಬೇಕು. ಒಮ್ಮೆ ತಾಗಿದರೆ ಮತ್ತೆ ಬಿಡಿಸಲಾಗದು. ಮೊದಲನೇ ಎದೆಚಿಪ್ಪನ್ನು ಹಾಗೆ ಸೊಟ್ಟ ಅಂಟಿಸಿ ಬಿಸಾಡಿದೆ.

ಚಿಪ್ಪುಗಳಿಗೆ ನೇರವಾಗಿ ಬಣ್ಣ ಹಚ್ಚಿದರೆ ಫೋಮ್ ಕುಡಿದುಬಿಡುತ್ತಿತ್ತು. ಬಡಗಿಗಳು ಬಳಸುವ ಬಿಳಿ ಗೋಂದನ್ನು ನೀರಲ್ಲಿ ಕಲಸಿ ಮೂರು ನಾಲ್ಕು ಕೈ ಬಳಿದ ಮೇಲೆ ಮೈ ಮುಚ್ಚಿಕೊಂಡಿತು. ಆಮೇಲೆ ಗೇಟಿಗೆ ಹೊಡೆಯುವ ಅಲ್ಯುಮಿನಿಯಂ ಪೇಂಟು. ಅದು ಹೊಸ ಪಾತ್ರೆಯಂತೆ ಮಿಂಚಿದ್ದನ್ನು ನೋಡಿ ಕಲಾ ನಿರ್ದೇಶಕನ ಮುಖ ಇಳಿಯಿತು. "ಯುದ್ಧ ಮಾಡಿರೋ ಥರ ಇಲ್ವಲ್ಲ ಮೇಡಂ." ಬೂಟ್ ಪಾಲಿಶನ್ನು ಬಟ್ಟೆಯಲ್ಲಿ ತೆಗೆದು ಜೋಡಣೆಯ ಗೆರೆಗಳೊಳಗೆ ತಿಕ್ಕಿ, ಮೇಲಿನದನ್ನು ಒರೆಸಿದೆ. ಹಳೆಯದಾಯಿತು. ರಿವೆಟ್ ಎಂದು ಅಂಟಿಸಿದ್ದು ಬ್ಲೌಸಿನ ಪ್ರೆಸ್ ಬಟನ್. ಮೊಣಕೈಗೆ ವಾಷಿಂಗ್ ಮಷೀನಿನ ಪೈಪು. ತಲೆಗೆ ಸ್ಕೂಟರ್ ಹೆಲ್ಮೆಟ್, ಅದರ ಮೇಲೆ ಇದೇ ಶೀಟಿನ ಪದರ, ಮುಖದ ಮುಂದೆ ಕಾರಿನ ಕಪ್ಪು ಫಿಲ್ಮ್ ಅಂಟಿಸಿದ ಪ್ಲಾಸ್ಟಿಕ್. ಪಟ್ಟಿಗಳಿಗೆ ಬಕಲ್ ಬೇಕಿತ್ತು. ಗಂಡ ತನ್ನ ಕಾರ್ಖಾನೆಯ ತುಂಡು ಅಲ್ಯುಮಿನಿಯಂ ಕೇಳಿ ತಂದು ಮಾಡಿಕೊಟ್ಟ. ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವಂಥವು. ಅವನು ಸಂಜೆ ಶೆಡ್ಡಿಗೆ ಬಂದು ಕೂತು ಬಕಲ್ ಹಾಕುತ್ತಿದ್ದ, ನಾನು ಗಮ್ ಬಳಿಯುತ್ತಿದ್ದೆ. ಮಾತು ಎಂದರೆ ಪಟ್ಟಿಯ ಉದ್ದದ ಬಗ್ಗೆ. ಮೂಗಿನ ಮಾತು ಅವನು ಮತ್ತೆ ಎತ್ತಲಿಲ್ಲ.

ಶೂಟಿಂಗು ಹೆಬ್ಬಗೋಡಿಯಿಂದ ಒಳಗೆ, ಕೆಲಸ ನಿಂತುಹೋಗಿದ್ದ ಕಲ್ಲು ಕ್ವಾರಿಯೊಂದರಲ್ಲಿ. ಏಪ್ರಿಲ್ ಬಿಸಿಲು. ಏನಾದರೂ ಕಿತ್ತುಹೋದರೆ ಅಂಟಿಸಲೆಂದು ನನ್ನನ್ನೂ ಬಕಲ್ ನೋಡಿಕೊಳ್ಳಲು ಗಂಡನನ್ನೂ ವ್ಯಾನಿನಲ್ಲಿ ಕರೆದೊಯ್ದಿದ್ದರು. ನಾಯಕಿಯ ಪಾತ್ರಕ್ಕೆ ಬಂದ ಕಾಲೇಜು ಹುಡುಗಿ ನನ್ನಷ್ಟೇ ಎತ್ತರವಿದ್ದಳು, ಪಾಪ, ನಗುನಗುತ್ತಲೇ ತೊಟ್ಟುಕೊಂಡಳು. ಹೆಲ್ಮೆಟ್ ಇಲ್ಲದೆ ಮಾತಾಡುವ ದೃಶ್ಯಗಳೆಲ್ಲ ಬೆಳಿಗ್ಗೆ ಮುಗಿದವು. ಹನ್ನೊಂದು ಗಂಟೆ ಹೊತ್ತಿಗೆ ಗಮ್ಮಿನ ವಾಸನೆ, ಸೆಕೆ ಸೇರಿ ವಾಂತಿ ಮಾಡಿಕೊಂಡು ನೆರಳಲ್ಲಿ ಮಲಗಿಬಿಟ್ಟಳು. ಇನ್ನು ಉಳಿದದ್ದು ದೂರದಿಂದ ತೆಗೆಯುವ ನಡಿಗೆಗಳು, ಎಲ್ಲರೂ ಹೆಲ್ಮೆಟ್ ಹಾಕಿರುವಂಥವು.

ಕಲಾ ನಿರ್ದೇಶಕ ನನ್ನ ಕಡೆ ನೋಡಿದ. "ಮೇಡಂ, ಇದು ನಿಮ್ ಅಳತೆದೇ ಅಲ್ವಾ..."

ಬೇಡ ಎನ್ನಲು ನನಗೇನೂ ಕಾರಣ ಹೊಳೆಯಲಿಲ್ಲ. ಬೇಕು ಎನ್ನಲೂ ಇರಲಿಲ್ಲ. ವ್ಯಾನಿನ ಹಿಂದೆ ಸೀರೆ ಬಿಚ್ಚಿ, ಶೂಟಿಂಗಿನವರ ಕಪ್ಪು ಬನಿಯನ್, ಪೈಜಾಮ ಹಾಕಿಕೊಂಡೆ. ಗಂಡ ಒಂದೊಂದೇ ಚಿಪ್ಪು ತೊಡಿಸಿ ಬಕಲ್ ಹಾಕಿದ. ಕೊನೆಗೆ ಹೆಲ್ಮೆಟ್.

ಒಳಗೆ ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಪ್ಪು ಫಿಲ್ಮಿನ ಆಚೆ ಕ್ವಾರಿ ಸಂಜೆಯ ಹಾಗೆ ಕಾಣುತ್ತಿತ್ತು. ಜನ ನನ್ನತ್ತ ನೋಡುತ್ತಿದ್ದರು, ಆದರೆ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಎಷ್ಟೋ ದಿನದಿಂದ ಮುಖವನ್ನು ಹೀಗೆ ಇಟ್ಟುಕೊಳ್ಳಬೇಕು, ಹಾಗೆ ಇಟ್ಟುಕೊಳ್ಳಬೇಕು ಎಂದು ಒದ್ದಾಡಿದ್ದೆ. ಅಲ್ಲಿ ಅದನ್ನು ಸುಮ್ಮನೆ ಬಿಟ್ಟೆ. ಅದು ತನಗೆ ಬೇಕಾದ ಹಾಗೆ ಜೋತುಕೊಂಡಿತು.

"ಮೇಡಂ, ಯಾವುದಕ್ಕೂ ಹೆದರದೇ ಇರೋರ ಥರ ನಡ್ಕೊಂಡು ಬನ್ನಿ!" ಎಂದು ನಿರ್ದೇಶಕರು ಮೆಗಾಫೋನಿನಲ್ಲಿ ಕೂಗಿದರು.

ಹಾಗೆ ನಡೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಬಸ್ ಸ್ಟಾಪಿಗೆ ಹೋಗುವಂತೆ ನಡೆದೆ. ಕಲ್ಲಿನ ಇಳಿಜಾರು, ಬಿಳಿ ಧೂಳು, ನನ್ನ ಹಿಂದೆ ನಾಲ್ವರು ಗಂಡಸರು.

"ಸಕ್ಕತ್! ಅದೇ ನಡಿಗೆ ಬೇಕಾಗಿದ್ದು, ಇನ್ನೊಂದ್ಸಲ!"

ಎಷ್ಟು ಸಲ ಇಳಿದೆನೋ. ಊಟದ ಹೊತ್ತಿಗೆ ಹೆಲ್ಮೆಟ್ ಮಾತ್ರ ತೆಗೆದರು. ಕೈಗವಸನ್ನು ತೋಳಿನ ಚಿಪ್ಪಿಗೆ ಅಂಟಿಸಿಬಿಟ್ಟಿದ್ದರಿಂದ ಊಟ ಮಾಡುವಂತಿರಲಿಲ್ಲ. ಗಂಡ ಪೊಟ್ಟಣ ಬಿಚ್ಚಿ ಚಿತ್ರಾನ್ನ ಕಲಸಿ ನನ್ನ ಬಾಯಿಗಿಟ್ಟ. ಲೈಟಿನ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಅವನು ತಲೆಯೆತ್ತದೆ ಎರಡನೇ ತುತ್ತು ಕಲಸಿದ.

"ಉಪ್ಪು ಜಾಸ್ತಿ ಆಗೇತಿ," ಎಂದೆ.

ಅವನು ತಾನೂ ಒಂದು ತುತ್ತು ತಿಂದು ನೋಡಿದ. "ಹೌದು, ಜಾಸ್ತಿನೇ ಐತಿ." ಹೀಗೆ ಹೇಳಿ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಮೂರು ತಿಂಗಳಿಂದ ನಾನು ಊಟದ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳಿರಲಿಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ಬಿಸಿಲು ಇಳಿದ ಮೇಲೆ ಕವಚ ಬಿಚ್ಚಿದರು. ಪಟ್ಟಿ ಉಜ್ಜಿ ಎರಡೂ ಭುಜದ ಚರ್ಮ ಸುಲಿದಿತ್ತು. ವಾಪಸ್ ಬರುವಾಗ ಹೊಸೂರು ರಸ್ತೆಯ ತುಂಬ ಲಾರಿಗಳಿದ್ದವು, ನಮ್ಮ ವ್ಯಾನು ತೆವಳುತ್ತಿತ್ತು. ಮುಂದಿನ ಸೀಟಿನವರೆಲ್ಲ ನಿದ್ದೆಹೋಗಿದ್ದರು. ಹಿಂದೆ ಚಿಪ್ಪುಗಳ ರಾಶಿಯ ಪಕ್ಕ ನಾವಿಬ್ಬರು. ಬ್ಲೌಸು ತಾಗಿದಲ್ಲೆಲ್ಲ ಉರಿಯುತ್ತಿತ್ತು. ಆ ಉರಿ ನನ್ನದೇ ಎಂಬುದು ಸ್ಪಷ್ಟವಾಗಿತ್ತು.

"ಕೂದ್ಲು ಇತ್ತಾ?" ಎಂದು ಕೇಳಿದೆ.

ಅವನು ಕಿಟಕಿಯ ಕಡೆ ತಿರುಗಿದ. "ಇತ್ತು," ಎಂದ. "ದಟ್ಟಗೆ ಇತ್ತು. ಒದ್ದೆ ಆಗಿ ಹಣಿಗೆ ಅಂಟ್ಕೊಂಡಿತ್ತು. ನಾನು ಹಿಂದಕ್ಕ ಸರಿಸ್ದೆ."

"ಹೂಂ," ಎಂದೆ.

ಅಳುತ್ತಿದ್ದದ್ದು ಅವನು. ಸದ್ದಿಲ್ಲದೆ, ಭುಜ ಮಾತ್ರ ಅಲುಗುತ್ತಿತ್ತು. ನಾನು ಅವನ ಮೊಣಕಾಲ ಮೇಲೆ ಕೈಯಿಟ್ಟು ಕೂತೆ. ನನಗೆ ಅಳು ಬರಲಿಲ್ಲ. ಆದರೆ ಒದ್ದೆ ಕೂದಲು ಕಣ್ಣಿಗೆ ಕಟ್ಟಿತು. ಅಲ್ಲಿಯವರೆಗೆ ನನಗೆ ಬಟ್ಟೆಯ ಗಂಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಧಾರಾವಾಹಿ ಮಳೆಗಾಲದಲ್ಲಿ ಭಾನುವಾರ ಬೆಳಿಗ್ಗೆ ಬಂತು. ಓನರಮ್ಮನ ನಡುಮನೆಯಲ್ಲಿ ಕೂತು ನೋಡಿದೆವು. ಐವರು ಬೆಳ್ಳಿ ಬಣ್ಣದ ಸೈನಿಕರು ಹೆಬ್ಬಗೋಡಿಯ ಕಲ್ಲಿನ ಮೇಲೆ ಇಳಿದು ಬರುತ್ತಿದ್ದರು. ಬಣ್ಣ ಬದಲಾಯಿಸಿ ಆಕಾಶವನ್ನು ಕೆಂಪು ಮಾಡಿದ್ದರು.

"ಇದ್ರಾಗೆ ನೀನು ಯಾವ್ದವ್ವಾ?" ಎಂದರು ಓನರಮ್ಮ.

"ಮುಂದೆ ಬರ್ತಿರೋದು."

"ಮೊಕಾನೇ ಕಾಣಾಕಿಲ್ವಲ್ಲ!" ಅವರಿಗೆ ನಿಜಕ್ಕೂ ಬೇಜಾರಾಯಿತು.

ಅದು ಕೆಲವು ವಾರ ಬಂದು, ಕಥೆ ಮುಗಿಯದೆಯೇ ನಿಂತುಹೋಯಿತು. ಕಲಾ ನಿರ್ದೇಶಕ ಮತ್ತೆ ಸಿಗಲಿಲ್ಲ. ಕವಚಗಳು ಎಲ್ಲಿಗೆ ಹೋದವೋ ಗೊತ್ತಿಲ್ಲ. ಆದರೆ ಧಾರಾವಾಹಿ ನೋಡಿದವರು ಮಾಲೀಕರನ್ನು ಹುಡುಕಿಕೊಂಡು ಬರತೊಡಗಿದರು. ಶಾಲಾ ವಾರ್ಷಿಕೋತ್ಸವಕ್ಕೆ ರೋಬೋಟು, ಕಂಪ್ಯೂಟರ್ ಅಂಗಡಿಯ ಮುಂದೆ ನಿಲ್ಲಿಸಲು ಯಂತ್ರಮಾನವ. ಮುಂದಿನ ವರ್ಷ ಶೆಡ್ಡಿನ ಒಂದು ಮೂಲೆ ಅದಕ್ಕೇ ಆಯಿತು, ಕಿಟಕಿ ಇರುವ ಮೂಲೆ.

ನಾನು ಅತ್ತದ್ದು ಆ ಮೂಲೆಯಲ್ಲೇ, ಒಂದು ಸಾಮಾನ್ಯ ಬೆಳಿಗ್ಗೆ. ಕಾರಣ ಹೇಳುವಂಥದ್ದೇನೂ ಇರಲಿಲ್ಲ. ಒಂದು ಮೊಣಕಾಲಿನ ಚಿಪ್ಪಿಗೆ ಗಮ್ ಬಳಿದು ಒಣಗಲು ಕಾಯುತ್ತಿದ್ದೆ. ಇದ್ದಕ್ಕಿದ್ದಂತೆ ಶುರುವಾಯಿತು, ನಿಲ್ಲಲಿಲ್ಲ. ಪಕ್ಕದ ಮೇಜಿನ ಹೆಂಗಸು ಬಂದು, ಏನೂ ಕೇಳದೆ, ನನ್ನ ಕೈಯಿಂದ ಬ್ರಷ್ ತೆಗೆದು ಡಬ್ಬಿಗೆ ಹಾಕಿದಳು. ಅವಳು ಟೀ ತರಿಸುವಷ್ಟರಲ್ಲಿ ಅಂಚು ಪೂರ್ತಿ ಒಣಗಿ ಅಂಟುವ ಗುಣ ಕಳೆದುಕೊಂಡಿತ್ತು. ಟೀ ಕುಡಿದು, ಹಳೆಯ ಪದರವನ್ನು ಉಜ್ಜಿ ತೆಗೆದು, ಹೊಸದಾಗಿ ಬಳಿದೆ.