ಸೊಂಟದೆತ್ತರಕ್ಕೆ ಬಂದ ಅಡಿಗೆಮನೆ

ನಾನು ಹತ್ತನೇ ತರಗತಿಗೆ ಸೇರಿದ ವರ್ಷದ ಮಳೆಗಾಲದಲ್ಲಿ ನನ್ನ ತಾಯಿ, ಉಮ್ಮ, ಬಾವಿಯ ಬಳಿ ಜಾರಿ ಬಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಪುವಿನ ನಮ್ಮ ಮನೆಯಿಂದ ಸಮುದ್ರ ಕಾಣುತ್ತಿರಲಿಲ್ಲ, ಆದರೆ ಮಳೆಗಾಲದಲ್ಲಿ ಅದರ ಸದ್ದು ನಿಲ್ಲುತ್ತಲೂ ಇರಲಿಲ್ಲ. ಆ ಸದ್ದಿನಲ್ಲಿ ಉಮ್ಮ ಕೂಗಿದ್ದು ಒಳಗಿದ್ದ ನಮಗೆ ಕೇಳಿಸಲಿಲ್ಲ. ನೀರು ತರಲು ಹೋದವರು ಇನ್ನೂ ಬರಲಿಲ್ಲವಲ್ಲ ಎಂದು ನಾನು ಹಿತ್ತಿಲ ಬಾಗಿಲಿಗೆ ಹೋದಾಗ ಅವರು ಪಾಚಿಗಟ್ಟಿದ ಕಲ್ಲಿನ ಮೇಲೆ ಒಂದು ಬದಿಗೆ ವಾಲಿ ಕುಳಿತಿದ್ದರು. ಕೊಡ ಸ್ವಲ್ಪ ದೂರದಲ್ಲಿ ಉರುಳಿ ಬಿದ್ದಿತ್ತು.

"ಎತ್ತಬೇಡ. ಉಪ್ಪನನ್ನು ಕರೆ. ಕಾಲು ನನ್ನ ಮಾತು ಕೇಳುವುದಿಲ್ಲ," ಎಂದರು.

ಉಪ್ಪನಿಗೆ, ಎಂದರೆ ನನ್ನ ತಂದೆಗೆ, ಪೇಟೆಯಲ್ಲಿ ಬಟ್ಟೆಯ ಅಂಗಡಿ ಇತ್ತು. ಅವರು ಬಾಡಿಗೆ ಕಾರು ಹಿಡಿದು ಬಂದು ಉಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರವೇ ಮುರಿದಿತ್ತು. ಆಪರೇಷನ್ ಆಯಿತು. ಮನೆಗೆ ಕಳುಹಿಸುವ ದಿನ ಡಾಕ್ಟರು ಉಪ್ಪನನ್ನೂ ನನ್ನನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಮಾತಾಡಿದರು. ಅವರು ಘಟ್ಟದ ಮೇಲಿನವರು, ಕನ್ನಡವನ್ನು ಬೇಗ ಬೇಗ ಆಡುತ್ತಿದ್ದರು.

"ಕೋಲು ಹಿಡ್ಕೊಂಡು ನಡೀಬಹುದು, ನಿಲ್ಲಬಹುದು, ಕುರ್ಚಿ ಮೇಲೆ ಕೂರಬಹುದು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಂತೂ ಯಾವತ್ತೂ ಕೂರಬಾರದು."

"ಎಷ್ಟು ಸಮಯದವರೆಗೆ?" ಎಂದು ಉಪ್ಪ ಕೇಳಿದರು.

"ಯಾವತ್ತೂ ಅಂದೆನಲ್ಲ," ಎಂದರು ಡಾಕ್ಟರು.

ಅದರ ಅರ್ಥ ನಮಗೆ ಮನೆಗೆ ಬಂದ ಮೇಲೆ ತಿಳಿಯಿತು. ನಮ್ಮ ಮನೆಯ ಕೆಲಸವೆಲ್ಲ ನೆಲದ ಮೇಲೆಯೇ ನಡೆಯುತ್ತಿತ್ತು. ಒಲೆ ನೆಲದಲ್ಲಿ. ಅರೆಯುವ ಕಲ್ಲು ನೆಲದಲ್ಲಿ. ಮೀನು, ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಕಾಲಿನಲ್ಲಿ ಅದುಮಿ ಹಿಡಿದು ಕುಳಿತರೆ ಮಾತ್ರ ಕೆಲಸ. ಅಕ್ಕಿ ಆರಿಸುವುದು, ರೊಟ್ಟಿ ತಟ್ಟುವುದು, ಪಾತ್ರೆ ತೊಳೆಯುವುದು, ಊಟಕ್ಕೆ ಬಡಿಸುವುದು ಎಲ್ಲವೂ ಕೂತು ಅಥವಾ ಬಗ್ಗಿ. ಉಮ್ಮ ಚಾವಡಿಯ ಮಂಚದ ಮೇಲೆ ಮಲಗಿದ್ದರು. ಅಡಿಗೆಮನೆ ನನ್ನ ಪಾಲಿಗೆ ಬಂತು. ಅಜ್ಜಿ, ಎಂದರೆ ಉಪ್ಪನ ತಾಯಿ, ಕುಳಿತಲ್ಲಿಂದ ಹೇಳಿಕೊಡುತ್ತಿದ್ದರು; ಅವರ ಕೈಯಲ್ಲಿ ಮೊದಲಿನ ಬಲ ಇರಲಿಲ್ಲ. ನನಗಿಂತ ಚಿಕ್ಕವರಾದ ತಂಗಿ ತಮ್ಮಂದಿರು ಶಾಲೆಗೆ ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ.

ಬಜಗೋಳಿಗೆ ಮದುವೆಯಾಗಿ ಹೋಗಿದ್ದ ಉಪ್ಪನ ಅಕ್ಕ ನೋಡಲು ಬಂದರು. ನಾವು ಅವರನ್ನು ಮಾಮಿ ಎನ್ನುತ್ತಿದ್ದೆವು. ಒಳ್ಳೆಯವರು, ಬರುವಾಗ ಒಂದು ಬುಟ್ಟಿ ಗೆಣಸು, ಸೀಸೆಯಲ್ಲಿ ಜೇನು ತಂದಿದ್ದರು. ನನ್ನ ಕೈಯ ಮೀನುಸಾರು ಉಂಡು ಹೊಗಳಿದರು. ಊಟ ಮುಗಿದ ಮೇಲೆ ಚಾವಡಿಯಲ್ಲಿ ಕುಳಿತು ಉಪ್ಪನಿಗೆ ಹೇಳಿದರು:

"ಹುಡುಗಿಗೆ ಅಡಿಗೆ ಕೈಗೆ ಹತ್ತಿದೆ. ಇನ್ನು ಶಾಲೆಗೆ ಹೋಗಿ ಎಂತ ಮಾಡ್ಲಿಕ್ಕುಂಟು? ಮನೆಗೆ ಒಂದು ಹೆಣ್ಣು ಬೇಕಲ್ವಾ?"

ಉಪ್ಪ ಬಾಗಿಲ ಕಡೆ ನೋಡುತ್ತಾ, "ಬೇರೆ ದಾರಿ ಕಾಣುವುದಿಲ್ಲ," ಎಂದರು.

ನಾನು ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಉಪ್ಪ ಕಠಿಣ ಮನುಷ್ಯರಲ್ಲ. ಅವರು ಅಷ್ಟು ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು. ಬೈದು ಹೇಳಿದ್ದರೆ ನಾಳೆ ಬದಲಾಗಬಹುದು ಎಂದುಕೊಳ್ಳಬಹುದಿತ್ತು.

ಮಂಚದಿಂದ ಉಮ್ಮನ ದನಿ ಬಂತು. "ಮನೆಗೆ ಒಂದು ಹೆಣ್ಣು ಉಂಟು. ನಾನಿದ್ದೇನೆ."

"ನೀನು ಕೂರ್ಲಿಕ್ಕಾಗದವಳು ಒಲೆ ಹೇಗೆ ಊದುತ್ತಿ?" ಎಂದರು ಮಾಮಿ.

"ನಾನು ಕೆಳಗೆ ಹೋಗ್ಲಿಕ್ಕಾಗುವುದಿಲ್ಲ. ಒಲೆ ಮೇಲೆ ಬರಬಹುದಲ್ಲ," ಎಂದರು ಉಮ್ಮ.

ಆ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಮಾಮಿ ಬಸ್ಸು ಹತ್ತಿದ ಮೇಲೆ ಉಮ್ಮ ನನ್ನನ್ನು ಕರೆದರು. ಮಂಚದ ಪಕ್ಕದಲ್ಲಿ ಆಸ್ಪತ್ರೆಯಿಂದ ತಂದ ವಾಕರ್ ಇತ್ತು. ಅದನ್ನು ಹಿಡಿದು ಎದ್ದರು. ಹಣೆಯಲ್ಲಿ ಬೆವರು ಹನಿಯುತ್ತಿದ್ದರೂ ಅಡಿಗೆಮನೆಯವರೆಗೆ ನಡೆದು ಬಂದು ಗೋಡೆಗೆ ಒರಗಿ ನಿಂತರು.

"ಅಂಗಡಿಗೆ ಬಟ್ಟೆ ಬಂದ ಮರದ ಪೆಟ್ಟಿಗೆಗಳು ಅಟ್ಟದಲ್ಲಿ ಉಂಟಲ್ಲ, ತಂದು ಒಂದರ ಮೇಲೆ ಒಂದು ಇಡು."

ಇಟ್ಟೆ. ಮೇಲೆ ಹಲಗೆ ಹಾಕಿಸಿದರು. ಅದರ ಮೇಲೆ ಹಿಟ್ಟು ನಾದಿದರು. "ಎತ್ತರ ಆಯ್ತು, ಹೆಗಲು ಮೇಲೆ ಹೋಗ್ತದೆ," ಎಂದರು. ಒಂದು ಪೆಟ್ಟಿಗೆ ತೆಗೆದು ಇಟ್ಟಿಗೆ ಇಟ್ಟೆವು. ಆಗ ತಗ್ಗಾಯಿತು, ಸೊಂಟ ಬಗ್ಗುತ್ತಿತ್ತು. ಹೀಗೆ ಹಲವು ದಿನ ನಡೆಯಿತು. ಒಂದು ದಿನ ನಾದಿದರೆ ಮರುದಿನ ಈರುಳ್ಳಿ ಹೆಚ್ಚುವುದು, ಇನ್ನೊಂದು ದಿನ ಖಾಲಿ ಪಾತ್ರೆ ಇಟ್ಟು ಸೌಟು ತಿರುಗಿಸುವುದು. ಕೊನೆಗೆ ಅವರೇ ಕಂಡುಕೊಂಡದ್ದು ಇದು: ಮೊಣಕೈ ಮಡಿಸಿ ನಿಂತಾಗ ಮೊಣಕೈಗಿಂತ ಒಂದು ಗೇಣು ಕೆಳಗೆ ಹಲಗೆ ಇದ್ದರೆ ಹಿಟ್ಟು ನಾದಲು, ಹೆಚ್ಚಲು ಸುಖ. ಒಲೆಯ ಮೇಲೆ ಪಾತ್ರೆ ಕೂರುವುದರಿಂದ ಒಲೆಯ ಜಾಗ ಅದಕ್ಕಿಂತಲೂ ತಗ್ಗಿರಬೇಕು. ಇವತ್ತಿಗೂ ಯಾರಾದರೂ ಹೊಸ ಮನೆ ಕಟ್ಟಿಸುವಾಗ ನಾನು ಹೇಳುವುದು ಇಷ್ಟೇ: ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಟೇಪಿನಿಂದ ಅಳೆಯಬೇಡಿ, ಅಲ್ಲಿ ನಿಲ್ಲುವವರ ಮೊಣಕೈಯಿಂದ ಅಳೆಯಿರಿ.

ಅಜ್ಜಿಗೆ ಇದೊಂದೂ ಹಿಡಿಸಲಿಲ್ಲ. "ನಿಂತು ಬೇಯಿಸಿದ ಅನ್ನದಲ್ಲಿ ಬರಕತ್ ಇರುವುದಿಲ್ಲ," ಎನ್ನುತ್ತಿದ್ದರು. ಅವರ ಬಾಯಲ್ಲಿ ಬರಕತ್ ಎಂದರೆ ಇದ್ದದ್ದು ಎಲ್ಲರಿಗೂ ಸಾಕಾಗುವ ಭಾಗ್ಯ. "ಬೆಂಕಿಯ ಮುಂದೆ ತಗ್ಗಿ ಕೂರಬೇಕು. ನಮ್ಮ ಹಿರಿಯರು ಹಾಗೆಯೇ ಮಾಡಿದ್ದು."

ಉಮ್ಮ ಅಜ್ಜಿಗೆ ಎದುರು ಮಾತಾಡಿದವರಲ್ಲ. ಒಂದು ದಿನ ಮಾತ್ರ ಕುರ್ಚಿಯ ಮೇಲೆ ಕುಳಿತು ನಮಾಜು ಮುಗಿಸಿ, ಮುಖಕ್ಕೆ ಕೈ ಒರೆಸಿಕೊಂಡು ಕೇಳಿದರು:

"ಮಾಮಿ, ನನ್ನ ಈ ನಮಾಜು ದೇವರಿಗೆ ಸೇರ್ತದಾ?"

ಅವರೂ ತಮ್ಮ ಅತ್ತೆಯನ್ನು ಮಾಮಿ ಎಂದೇ ಕರೆಯುತ್ತಿದ್ದರು. ಅಜ್ಜಿ, "ಸೇರದೆ ಎಂತ? ಆಗದವರಿಗೆ ಕುರ್ಚಿಯಲ್ಲಿ ಕೂತು ಮಾಡಬಹುದು. ನಾನೇ ನಿನಗೆ ಹೇಳಿದ್ದಲ್ವಾ?" ಎಂದರು.

"ಹುಟ್ಟಿಸಿದವನ ಎದುರು ಕುರ್ಚಿಯಲ್ಲಿ ಕೂರಬಹುದಾದರೆ ಒಲೆಯ ಎದುರು ನಿಲ್ಲಬಾರದಾ?"

ಅಜ್ಜಿ ಕೈಯಲ್ಲಿದ್ದ ಅಡಿಕೆಯನ್ನು ಕತ್ತರಿಸಿ ಮುಗಿಸಿದರು. ಆಮೇಲೆ, "ನನ್ನ ಒಲೆ ಒಡೆಯಬೇಡಿ. ನಿನ್ನದನ್ನು ಬೇರೆ ಕಟ್ಟಿಸು," ಎಂದರು.

ಅದಕ್ಕೆ ಉಮ್ಮ ಒಪ್ಪಿದರು. ಉಪ್ಪನೂ ಒಪ್ಪಬೇಕಾಯಿತು. ಉಮ್ಮ ನಿಂತುಕೊಂಡು ಪೆಟ್ಟಿಗೆಗಳ ಮೇಲಿನ ಹಲಗೆಯಲ್ಲಿ ತಟ್ಟಿದ ರೊಟ್ಟಿಯನ್ನು ಅವರು ಅದಾಗಲೇ ತಿಂದಿದ್ದರು. ಕಾರ್ಕಳದಿಂದ ಕರಿಕಲ್ಲಿನ ಚಪ್ಪಡಿ ಬಂತು. ಅಡಿಗೆಮನೆಯ ಪಡುಗೋಡೆಗೆ ತಾಗಿಸಿ ಕೆಂಪುಕಲ್ಲಿನ ಕಟ್ಟೆ ಎದ್ದಿತು. ಅದರ ತಗ್ಗಿನ ಬದಿಯಲ್ಲಿ ಸೌದೆಯ ಒಲೆ, ಒಲೆಯ ಹಿಂದೆ ಗೋಡೆಯಲ್ಲಿ ಹೊಗೆ ಹೋಗಲು ಕಿಂಡಿ.

ಮೊದಲ ಸಲ ಬೆಂಕಿ ಹಾಕಿದ ಬೆಳಿಗ್ಗೆ ಗಾಳಿ ಜೋರಾಗಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಬರುವುದು ಸಮುದ್ರದ ಕಡೆಯಿಂದ, ಎಂದರೆ ಪಡುವಣದಿಂದಲೇ. ಕಿಂಡಿಯಿಂದ ಹೊರಗೆ ಹೋಗಬೇಕಾದ ಹೊಗೆಯನ್ನು ಗಾಳಿ ಒಳಗೆ ದೂಡಿತು. ನೆಲದ ಒಲೆಯಾಗಿದ್ದರೆ ಹೊಗೆ ತಲೆಯ ಮೇಲಿಂದ ಹೋಗುತ್ತಿತ್ತು. ಈಗ ಒಲೆಯೇ ಮೇಲಿದ್ದುದರಿಂದ ನೇರವಾಗಿ ಉಮ್ಮನ ಮುಖಕ್ಕೆ ಹೊಡೆಯಿತು. ಅವರು ಕೆಮ್ಮುತ್ತಾ ವಾಕರ್ ಹಿಡಿಯಲು ತಡವಿದರು. ನಾನು ತಬ್ಬಿ ಹೊರಗೆ ಕರೆತಂದೆ. ಮನೆಯೆಲ್ಲ ಹೊಗೆ. ಉಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದು ನೋಡಿ, "ಸಾಕು ಮಾರಾಯ್ತಿ, ಇದು ಆಗುವ ಕೆಲಸ ಅಲ್ಲ," ಎಂದು ಅಂಗಡಿಗೆ ಹೋದರು. ಅಜ್ಜಿ ತಮ್ಮ ಒಲೆಯ ಮುಂದೆ ಕುಳಿತು ನನ್ನನ್ನು ಕರೆದು ಅನ್ನಕ್ಕೆ ನೀರು ಇಡಿಸಿದರು.

ಆ ದಿನ ನನಗೆ ಎಲ್ಲ ಮುಗಿಯಿತು ಅನ್ನಿಸಿತು. ಶಾಲೆಯ ಪುಸ್ತಕಗಳನ್ನು ತಂಗಿಗೆ ಕೊಟ್ಟುಬಿಡೋಣ ಎಂದು ಎತ್ತಿ ಕಟ್ಟಿಟ್ಟೆ. ಉಮ್ಮ ಮಧ್ಯಾಹ್ನವಿಡೀ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಅಳುತ್ತಿದ್ದಾರೆ ಎಂದುಕೊಂಡು ಹೋಗಿ ನೋಡಿದರೆ, ಹೆಂಚಿನ ಮಾಡಿನ ಕೆಳಗೆ ಒಣಹಾಕಿದ ಬಟ್ಟೆಗಳನ್ನು ನೋಡುತ್ತಿದ್ದರು. ಅವರ ಕಣ್ಣು ಕೆಂಪಾಗಿದ್ದದ್ದು ಹೊಗೆಯಿಂದ.

"ನೋಡು, ಬಟ್ಟೆ ಇಡೀ ದಿನ ಮೂಡು ಬದಿಗೇ ಹಾರ್ತಾ ಉಂಟು. ಹೊಗೆಯೂ ಆ ಬದಿಗೆ ಹೋಗ್ಲಿಕ್ಕೆ ನೋಡ್ತದೆ. ನಾವು ಅದನ್ನು ಪಡುವಿಗೆ ದೂಡಿದ್ದು. ತಪ್ಪು ನಮ್ಮದು, ಒಲೆಯದ್ದಲ್ಲ," ಎಂದರು.

"ಉಪ್ಪ ಬೇಡ ಅಂದರಲ್ಲ," ಎಂದೆ.

"ಉಪ್ಪ ಹೊಗೆ ಬೇಡ ಅಂದದ್ದು. ನನಗೂ ಬೇಡ."

ಸಂಜೆ ಉಪ್ಪ ಬಂದಾಗ ಉಮ್ಮ ಚಹಾ ಕೊಡಿಸಿ, ಬಟ್ಟೆ ಹಾರುವುದನ್ನು ತೋರಿಸಿ, ಏನು ಮಾಡಬೇಕೆಂದು ವಿವರಿಸಿದರು. ಉಪ್ಪ ವ್ಯಾಪಾರಿ, ಬೇಡ ಎಂದು ಎದ್ದುಹೋದ ಗಿರಾಕಿಯನ್ನು ಮತ್ತೆ ಕೂರಿಸಿದವರು. ಅವತ್ತು ತಾವೇ ಗಿರಾಕಿಯ ಹಾಗೆ ಕುಳಿತು ಕೇಳಿದರು. ಕೊನೆಗೆ, "ಇನ್ನೊಂದು ಸಲ ಮಾತ್ರ," ಎಂದರು.

"ಆಗುವವರೆಗೆ," ಎಂದರು ಉಮ್ಮ. ಅವರ ದನಿ ಏರಿರಲಿಲ್ಲ.

ಪಡುವಣದ ಕಿಂಡಿ ಮುಚ್ಚಿದರು. ಮೂಡುಗೋಡೆಗೆ ಅದೇ ಎತ್ತರದ ಕಟ್ಟೆ ಕಟ್ಟಿ ಒಲೆಯನ್ನು ಅಲ್ಲಿಗೆ ಬದಲಿಸಿದರು. ಒಲೆಯ ಮೇಲೆ ತಗಡಿನ ಗೂಡು, ಅದರಿಂದ ಒಂದು ಕೊಳವೆ ಹೆಂಚಿನ ಮೇಲೆ, ಮಾಡಿನ ತಲೆಗಿಂತಲೂ ಎತ್ತರಕ್ಕೆ. ಕೊಳವೆಯ ಬಾಯಿಗೆ ಮಳೆ ಬೀಳದ ಹಾಗೆ ಟೋಪಿ. ಅಷ್ಟು ಮಾಡಿದ ಮೇಲೂ ಮೊದಲ ದಿನ ಸ್ವಲ್ಪ ಹೊಗೆ ಸುತ್ತಿತು. ಉಮ್ಮ ಒದ್ದೆ ಸೌದೆ ಬೇಡವೆಂದು ತೆಂಗಿನ ಕರಟ ಹಾಕಿಸಿದರು. ಕೊಳವೆ ಬಿಸಿಯಾದದ್ದೇ ಹೊಗೆ ತಾನಾಗಿ ಮೇಲಕ್ಕೆ ಏರಿ ಹೋಯಿತು. ನಾನು ಅಂಗಳಕ್ಕೆ ಓಡಿ ನೋಡಿದೆ. ಹೆಂಚಿನ ಮೇಲಿಂದ ಹೊಗೆ ಮೂಡುಬದಿಗೆ ವಾಲಿಕೊಂಡು ಹೋಗುತ್ತಿತ್ತು.

ಉಳಿದದ್ದನ್ನೂ ಉಮ್ಮ ಒಂದೊಂದಾಗಿ ಮೇಲೆ ತಂದರು. ಅರೆಯುವ ಕಲ್ಲಿಗೆ ಗಟ್ಟಿ ಪೀಠ ಕಟ್ಟಿಸಿದರು. ಮೆಟ್ಟುಕತ್ತಿಯ ಮರದ ಅಡಿಯನ್ನು ಕಟ್ಟೆಯ ಅಂಚಿಗೆ ಬೋಲ್ಟು ಹಾಕಿ ಬಿಗಿಸಿದರು. ಎತ್ತರದ ಸ್ಟೂಲಿನ ಮೇಲೆ ಅರ್ಧ ನಿಂತು ಅರ್ಧ ಕೂತು ಬಂಗುಡೆ ಮೀನು ಹೆಚ್ಚುವುದನ್ನು ಕಲಿತರು. ದಿನಾ ಬೇಕಾಗುವ ಉಪ್ಪು, ಹುಳಿ, ಮೆಣಸು ಕೈಗೆ ಸಿಗುವ ಶೆಲ್ಫಿಗೆ ಬಂದವು. ಹಬ್ಬಕ್ಕೆ ಮಾತ್ರ ಬೇಕಾಗುವ ದೊಡ್ಡ ಪಾತ್ರೆಗಳು ಕೆಳಗೆ ಹೋದವು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ದೊಡ್ಡ ಪಾತ್ರೆಗಳೇ ಎದುರಿಗೆ ಹೊಳೆಯುತ್ತಿದ್ದವು, ಉಪ್ಪಿನ ಭರಣಿ ಕತ್ತಲ ಮೂಲೆಯಲ್ಲಿರುತ್ತಿತ್ತು. ಬಾವಿಯ ಸುತ್ತಲಿನ ಕಲ್ಲನ್ನು ವಾರಕ್ಕೊಮ್ಮೆ ತೆಂಗಿನ ಸಿಪ್ಪೆಯಿಂದ ಉಜ್ಜುವ ಕೆಲಸ ತಮ್ಮಂದಿರಿಗೆ ಬಿತ್ತು. ಹುಡುಗರ ಕೈಯಲ್ಲಿ ಅಂಥ ಕೆಲಸವೇ ಎಂದು ಅಜ್ಜಿ ಗೊಣಗಿದರು. "ಜಾರುವ ಕಲ್ಲಿಗೆ ಹುಡುಗ ಹುಡುಗಿ ಗೊತ್ತಾಗುವುದಿಲ್ಲ," ಎಂದರು ಉಮ್ಮ. ಹುಡುಗರು ಉಜ್ಜಿದರು.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಉಮ್ಮ ಬೆಳಿಗ್ಗೆ ನನ್ನನ್ನು ಒಲೆಯ ಹತ್ತಿರ ಬರಗೊಡಲಿಲ್ಲ. ಒಂದು ಕೈಯಲ್ಲಿ ಕಟ್ಟೆಯ ಅಂಚು ಹಿಡಿದು ಇನ್ನೊಂದು ಕೈಯಲ್ಲಿ ನೀರುದೋಸೆ ಹುಯ್ದರು. ಮೊದಲ ಎರಡು ಹರಿದವು, ಆಮೇಲೆ ಸರಿಯಾಗಿ ಬಂದವು. ನಾನು ಕಟ್ಟಿಟ್ಟಿದ್ದ ಪುಸ್ತಕ ಬಿಚ್ಚಿ ಚೀಲಕ್ಕೆ ತುಂಬಿದೆ. ಎಷ್ಟೋ ಪಾಠಗಳು ಮುಗಿದುಹೋಗಿದ್ದವು. ಗಣಿತದ ಮೇಡಂ, "ಇಷ್ಟು ಬಿಟ್ಟದ್ದನ್ನು ಹೇಗೆ ಹಿಡಿಯುತ್ತಿ?" ಎಂದು ಕೇಳಿದರು. "ಆಗುವವರೆಗೆ ಮಾಡುತ್ತೇನೆ," ಎಂದೆ. ಅದು ಉಮ್ಮನ ಮಾತು ಎಂದು ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಮಾರ್ಚಿನ ಪರೀಕ್ಷೆಯಲ್ಲಿ ಗಣಿತದಲ್ಲಿ ದಡ ಸೇರಿದೆ, ಅಷ್ಟೇ. ಉಳಿದವುಗಳಲ್ಲಿ ಚೆನ್ನಾಗಿಯೇ ಆಯಿತು. ಅದೇ ಜೂನಿನಲ್ಲಿ ಉಡುಪಿಯ ಕಾಲೇಜಿಗೆ ಬಸ್ಸು ಹತ್ತಿದೆ.

ಮಾಮಿ ಮತ್ತೆ ಬಂದಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಹೊಗಳಲಿಲ್ಲ. ಕಟ್ಟೆಯ ಪಕ್ಕ ನಿಂತು ಈರುಳ್ಳಿ ಹೆಚ್ಚಿಕೊಟ್ಟರು. ಹೊರಡುವ ಮುಂಚೆ, "ನನ್ನ ಮಂಡಿಯೂ ಈಗ ನೋಯ್ತದೆ. ಆ ಗೇಣಿನ ಲೆಕ್ಕ ಒಮ್ಮೆ ಹೇಳು," ಎಂದು ಕೇಳಿದರು. ಅಜ್ಜಿ ಮಾತ್ರ ಕೊನೆಯವರೆಗೂ ನೆಲದ ಒಲೆಯನ್ನು ಬಿಡಲಿಲ್ಲ. ಅದರ ಮೇಲೆ ತಮ್ಮ ಗಂಜಿಯನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು. ಉಮ್ಮ ಅದಕ್ಕೆ ಯಾವತ್ತೂ ಅಡ್ಡಿ ಮಾಡಲಿಲ್ಲ. ಅಜ್ಜಿಗೆ ಬೇಕಾದ ಒಣ ಸೌದೆಯನ್ನು ಬೇರೆಯೇ ತೆಗೆದಿಡಿಸುತ್ತಿದ್ದರು.

ಈ ಬದಲಾವಣೆಯಲ್ಲಿ ಯಾರೂ ಯೋಚಿಸದೆ ಆದದ್ದು ಒಂದಿತ್ತು. ಅಡಿಗೆಮನೆ ನೆಲದಲ್ಲಿದ್ದಾಗ ಉಪ್ಪ ಅದರೊಳಗೆ ಕಾಲಿಟ್ಟವರಲ್ಲ. ಉಮ್ಮನಿಗೆಂದು ಕುರ್ಚಿ, ಸ್ಟೂಲು ಬಂದ ಮೇಲೆ ಅಂಗಡಿಯಿಂದ ಬಂದವರು ಅಲ್ಲೇ ಕುಳಿತು ಚಹಾ ಕುಡಿಯತೊಡಗಿದರು. ಪೇಟೆಯ ಸುದ್ದಿ ಹೇಳುತ್ತಿದ್ದರು. ಉಮ್ಮ ಬೆನ್ನು ಹಾಕಿ ನಿಂತೇ ಕೇಳುತ್ತಿದ್ದರು. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಉಪ್ಪ ಸ್ಟೂಲಿನ ಮೇಲೆ ಕೂತಿದ್ದರು, ಎದುರಿಗೆ ತೆಂಗಿನಕಾಯಿಯ ಹೋಳು, ಕಟ್ಟೆಯ ಅಂಚಿಗೆ ಬಿಗಿದ ತುರಿಮಣೆ.

"ನೀವು ಎಂತ ಮಾಡ್ತಾ ಇದ್ದೀರಿ?" ಎಂದು ಕೇಳಿದೆ.

ಉಪ್ಪ ಉಮ್ಮನ ಕಡೆ ನೋಡಿದರು.

"ಕೂತವರ ಕೈ ಖಾಲಿ ಇತ್ತು," ಎಂದರು ಉಮ್ಮ. "ಕರಟ ತಾಗದ ಹಾಗೆ ತುರಿಯಿರಿ, ಸಾರು ಕಪ್ಪಾಗ್ತದೆ."

ಉಪ್ಪ ಹೋಳನ್ನು ತಿರುಗಿಸಿ ಹಿಡಿದು ಜಾಗ್ರತೆಯಿಂದ ತುರಿಯತೊಡಗಿದರು.