ನಿಂತ ಪುಸ್ತಕ, ಮಲಗಿದ ಪುಸ್ತಕ

ಕುವೆಂಪುನಗರದಲ್ಲಿ ನಮ್ಮ ರಸ್ತೆಯ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ಗಂಡಸರ ಪುಸ್ತಕಗಳು ನಿಂತಿರುತ್ತವೆ, ಹೆಂಗಸರ ಪುಸ್ತಕಗಳು ಮಲಗಿರುತ್ತವೆ. ನಿಂತವು ಮುಂಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಗಾಜಿನ ಬೀರುವಿನಲ್ಲಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಎತ್ತರಕ್ಕೆ ತಕ್ಕ ಹಾಗೆ ಸಾಲುಗಟ್ಟಿ, ಬಂದವರಿಗೆಲ್ಲ ಬೆನ್ನು ತೋರಿಸುತ್ತಿರುತ್ತವೆ. ಮಲಗಿದವನ್ನು ಹುಡುಕಬೇಕು. ದಿಂಬಿನ ಅಡಿಯಲ್ಲೋ, ಫ್ರಿಡ್ಜಿನ ತಲೆಯ ಮೇಲೋ, ಹೊಲಿಗೆ ಮೆಷಿನ್ನಿನ ಪಕ್ಕದಲ್ಲೋ, ಹಾಲು ಉಕ್ಕಿದಾಗ ಎಲ್ಲಿ ಬೋರಲು ಹಾಕಿ ಓಡಿದರೋ ಅಲ್ಲೇ, ಹೊಟ್ಟೆ ಅಡಿಯಾಗಿ ಬಿದ್ದಿರುತ್ತವೆ. ಈ ಸತ್ಯವನ್ನು ಕಂಡುಕೊಳ್ಳಲು ನಾನು ಯಾವ ವಿಶ್ವವಿದ್ಯಾನಿಲಯಕ್ಕೂ ಪ್ರಬಂಧ ಸಲ್ಲಿಸಲಿಲ್ಲ. ಅರಿಶಿನ ಕುಂಕುಮಕ್ಕೆ ನಾಲ್ಕಾರು ಮನೆಗೆ ಹೋಗಿಬಂದೆ, ಅಷ್ಟೇ.

ಪ್ರಬಂಧ ಸಲ್ಲಿಸುವ ಯೋಗ್ಯತೆ ನನಗಿಲ್ಲವೆಂದು ತಿಳಿಯಬೇಡಿ. ನಮ್ಮ ವಂಶಕ್ಕೇ ಮೊದಲ ಬಿ.ಎ. ನಾನು, ಅದನ್ನು ಮದುವೆಯ ಲಗ್ನಪತ್ರಿಕೆಯಲ್ಲೂ, ರೇಷನ್ ಕಾರ್ಡಿನ ಅರ್ಜಿಯಲ್ಲೂ, ಅಷ್ಟೇಕೆ, ಗ್ಯಾಸ್ ಏಜೆನ್ಸಿಯ ರಸೀದಿಯಲ್ಲೂ ಬರೆಸಿದವಳು. ನಂಜನಗೂಡಿನ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಅಚ್ಚಾದ ಅಕ್ಷರವೆಂದರೆ ಗೋಡೆಯ ಕ್ಯಾಲೆಂಡರು ಮತ್ತು ಮೂಲೆಗೆ ಒರಗಿಸಿದ ಗೊಬ್ಬರದ ಚೀಲ, ಎರಡೇ. ನಾನು ಓದಲು ಕಲಿತದ್ದು ಚೀಲದ ಮೇಲೆ. ಅಲ್ಲಿಂದ ಸರಸ್ವತಿಪುರಂನ ಹಾಸ್ಟೆಲ್ಲಿಗೆ ಬಂದು, ನೀರು ಸಾರು ಉಂಡು, ಪದವಿ ಪಡೆದು, ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ, ಈಗ ನಿವೃತ್ತಳಾಗಿದ್ದೇನೆ. ಮದುವೆಯಾದ ಹೊಸದರಲ್ಲಿ ಕಾದಂಬರಿ ಹಿಡಿದು ಕೂತಿದ್ದ ನನ್ನನ್ನು ಕಂಡು ನಮ್ಮತ್ತೆ ನಿಜವಾದ ಕಳವಳದಿಂದ ಕೇಳಿದ್ದರು: “ಡಿಗ್ರಿ ಆಯ್ತಲ್ಲವ್ವ, ಇನ್ನೂ ಏನವ್ವ ಓದೀಯೆ?” ಉಂಡು ಮುಗಿದ ಮೇಲೂ ಎಲೆಯ ಮುಂದೆ ಕೂತ ಸೊಸೆಯನ್ನು ಯಾವ ಅತ್ತೆ ತಾನೇ ಸಹಿಸಿಯಾಳು!

ನಮ್ಮ ಯಜಮಾನರದ್ದು ಬೇರೆಯೇ ಸಂಪ್ರದಾಯ. ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಮೇಲಧಿಕಾರಿಯಾಗಿದ್ದವರು, ಅಕ್ಷರ ಮುತ್ತು ಪೋಣಿಸಿದಂತೆ. ಮನೆಯೊಳಗೆ ಪುಸ್ತಕವೊಂದು ಕಾಲಿಟ್ಟರೆ ಸಾಕು, ಅದು ಯಾರು ತಂದದ್ದು, ಯಾರಿಗಾಗಿ ತಂದದ್ದು ಎಂಬ ವಿಚಾರಣೆಯಿಲ್ಲದೆ ಮೇಜಿನ ಮುಂದೆ ಕೂತು, ಶಾಯಿ ಪೆನ್ನು ತೆಗೆದು, ಮೊದಲ ಪುಟದಲ್ಲಿ ತಮ್ಮ ಹೆಸರು, ಹೆಸರಿನ ಮುಂದೆ ಪದವಿ, ಕೆಳಗೆ ಮನೆ ನಂಬರು ಬರೆದು, ಶಾಯಿ ಆರುವವರೆಗೆ ಊದುತ್ತಿದ್ದರು. ಹಸುವಿಗೆ ಮುದ್ರೆ ಒತ್ತುವವರಿಗೂ ಅಷ್ಟು ತಲ್ಲೀನತೆ ಇರಲಾರದು. ಆಮೇಲೆ ಪುಸ್ತಕ ಬೀರು ಸೇರುತ್ತಿತ್ತು. ಅವರು ಆ ಪುಟ ದಾಟಿ ಮುಂದಿನ ಪುಟಕ್ಕೆ ಹೋದದ್ದನ್ನು ನಾನಂತೂ ಕಂಡವಳಲ್ಲ. ನನ್ನ ಸಂಬಳದಲ್ಲಿ ನಾನೇ ಆರಿಸಿ ತಂದ ಪುಸ್ತಕಗಳ ಮೇಲೂ ಆ ಮುತ್ತಿನಂಥ ಹೆಸರು ಬಿದ್ದಾಗ, ಓದುವ ಗಂಡ ಸಿಕ್ಕಿದನಲ್ಲ ಎಂದು ಹಾಸ್ಟೆಲ್ಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಬಿ.ಎ. ಓದಿದರೆ ಬುದ್ಧಿ ಬರುತ್ತದೆಂದು ಯಾರೂ ಭರವಸೆ ಕೊಟ್ಟಿರಲಿಲ್ಲ.

ಗಂಡಸರು ಓದುವುದೇ ಇಲ್ಲ ಎಂದರೆ ಅನ್ಯಾಯವಾದೀತು. ದಿನಪತ್ರಿಕೆಯನ್ನು ಟೆಂಡರ್ ಪ್ರಕಟಣೆಯ ಸಮೇತ ಓದುತ್ತಾರೆ. ಪುಸ್ತಕದ ವಿಷಯದಲ್ಲಿ ಮಾತ್ರ ಅವರದು ಓದಿನ ಸಂಬಂಧಕ್ಕಿಂತ ಪೋಷಕರ ಸಂಬಂಧ. ಇದಕ್ಕೆ ಸಭೆ ಸಮಾರಂಭಗಳೂ ಕಾರಣ. ಈಚೆಗೆ ಹಾರ ತುರಾಯಿ ಬೇಡ, ಪುಸ್ತಕ ಕೊಡೋಣ ಎಂಬ ಒಳ್ಳೆಯ ಪದ್ಧತಿ ಬಂದಿದೆಯಲ್ಲ, ಅದು ವೇದಿಕೆ ಹತ್ತುವಾಗ ಲಿಂಗ ನೋಡಿಕೊಂಡು ಹತ್ತುತ್ತದೆ. ಒಮ್ಮೆ ಒಂಟಿಕೊಪ್ಪಲಿನ ಮಹಿಳಾ ಸಮಾಜವೊಂದರಲ್ಲಿ ‘ಓದುವ ಹವ್ಯಾಸ’ ಕುರಿತು ಮಾತಾಡಲು ನನ್ನನ್ನು ಕರೆದರು. ನನ್ನನ್ನು ಸ್ಕೂಟರಿನಲ್ಲಿ ಬಿಡಲು ಬಂದ ಯಜಮಾನರನ್ನೂ ಸೌಜನ್ಯಕ್ಕೆಂದು ಮೇಲೆ ಕೂರಿಸಿದರು. ನಾನು ಗಂಟಲು ಒಣಗುವವರೆಗೆ ಮಾತಾಡಿದೆ, ಅವರು ಗಡಿಯಾರ ನೋಡುತ್ತ ಕೂತಿದ್ದರು. ಕೊನೆಗೆ ಅವರ ಕೈಗೆ ದಪ್ಪನೆಯ ಪುಸ್ತಕ ಬಂತು, ನನ್ನ ಮಡಿಲಿಗೆ ರವಿಕೆ ಕಣ, ಎಲೆಅಡಿಕೆ, ತೆಂಗಿನಕಾಯಿ. ಕೊಟ್ಟವರೂ ಹೆಂಗಸರೇ! ಕಾಯಿ ಮರುದಿನ ಚಟ್ನಿಯಾಯಿತು. ಆ ಪುಸ್ತಕವನ್ನೂ ನಾನೇ ಓದಿದೆ, ಅದೇ ಚಟ್ನಿ ರುಬ್ಬುತ್ತ.

ನಮ್ಮ ಹೆಂಗಸರ ಕಡೆಯ ವ್ಯವಹಾರಕ್ಕೆ ಇಂಥ ಸಮಾರಂಭಗಳಿಲ್ಲ. ಎದುರುಮನೆಯ ಸುನಂದಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದರೆ ಬಟ್ಟಲಿನ ಜೊತೆ ಕಾದಂಬರಿಯೂ ರಸ್ತೆ ದಾಟುತ್ತದೆ. ಅವರು ಓದುವುದು ಕುಕ್ಕರಿನ ಎರಡು ಕೂಗುಗಳ ನಡುವೆ. ಹಾಗಾಗಿ ಅವರಿಗೆ ತೊಗರಿಬೇಳೆ ಬೇಯುವಷ್ಟು ಉದ್ದದ ಅಧ್ಯಾಯಗಳೆಂದರೆ ಪ್ರಾಣ. ದೀರ್ಘ ವರ್ಣನೆಯ ಲೇಖಕರಿಂದ ಅನ್ನ ಸೀಯುತ್ತದೆ ಎಂಬುದು ಅವರ ವಿಮರ್ಶಾಸಿದ್ಧಾಂತ. ಹೋದ ಪುಸ್ತಕ ಮೂರನೆಯ ಮನೆಯಿಂದ ವಾಪಸು ಬರುವುದುಂಟು, ಬಾರದಿರುವುದೂ ಉಂಟು. ಯಾರದ್ದೆಂದು ಯಾರೂ ಮೊದಲ ಪುಟ ತೆಗೆದು ನೋಡುವುದಿಲ್ಲ.

ಈ ಉದಾಸೀನದ ಫಲ ಮೊನ್ನೆ ಉಣ್ಣಬೇಕಾಯಿತು. ತಂಗಿಯ ಮಗಳ ಸೀಮಂತಕ್ಕೆಂದು ಊರಿಗೆ ಹೋಗಿ ಕೆಲವು ದಿನ ನಿಂತು ಬರುವಷ್ಟರಲ್ಲಿ ಬೀರು ಇದ್ದ ಜಾಗದಲ್ಲಿ ಗೋಡೆಯಗಲದ ಟಿ.ವಿ. ಬಂದು ಕೂತಿತ್ತು. ನಮ್ಮ ಬಡಾವಣೆಯ ಸಂಘದವರು ಪಾರ್ಕಿನ ಮೂಲೆಯಲ್ಲಿ ವಾಚನಾಲಯ ತೆರೆದಿದ್ದರು. ಯಜಮಾನರು ಮನೆಯ ಸಮಸ್ತ ಗ್ರಂಥಸಂಪತ್ತನ್ನೂ ಆಟೋಗೆ ತುಂಬಿ ಅಲ್ಲಿಗೆ ದಾನ ಮಾಡಿಬಿಟ್ಟಿದ್ದರು. ನಿಂತವು ಹೋಗಿದ್ದರೆ ಹಾಳಾಗಿ ಹೋಗಲಿ. ಜೀವಮಾನದಲ್ಲಿ ಒಂದು ದಿನವೂ ಕಳೆದುಹೋದ ಕಾಲುಚೀಲ ಹುಡುಕದ ಈ ಮನುಷ್ಯ, ಮಲಗಿದ್ದವನ್ನೂ ಮೂಲೆಮೂಲೆಯಿಂದ ಎಬ್ಬಿಸಿ ಕಳಿಸಿದ್ದರು. ನನ್ನ ದಿಂಬಿನ ಕೆಳಗೆ ಅರ್ಧ ಓದಿದ್ದ ಕಾದಂಬರಿಯೊಂದಿತ್ತು. ಅದರ ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಹಾರುತ್ತಾಳೋ, ನೀರು ಸೇದಿಕೊಂಡು ಹೋಗುತ್ತಾಳೋ ಗೊತ್ತಾಗುವ ಮೊದಲೇ ಬಾವಿ ಸಮೇತ ಪಾರ್ಕು ಸೇರಿದ್ದಳು.

“ನನ್ನ ಪುಸ್ತಕ ಎಲ್ರೀ?”

“ಸಮಾಜಕ್ಕೆ ಹೋಯ್ತು ಕಣೇ.”

“ದಿಂಬಿನ ಕೆಳಗಿದ್ದಿದ್ದು?”

“ಅದೂ ಸಮಾಜಕ್ಕೇ.”

“ಅದು ನಂದು ಕಣ್ರೀ!”

“ನಿಂದು ನಂದು ಅಂತ ಏನೇ ಅದು? ನಾನ್ ಯಾವತ್ತಾದ್ರೂ ಹಂಗೆ ಭೇದ ಮಾಡಿದ್ದೀನಾ?”

ಮಾಡಿರಲಿಲ್ಲ, ನಿಜ. ಎಲ್ಲದರ ಮೇಲೂ ಒಂದೇ ಹೆಸರು ಬರೆದಿದ್ದರು. ಅಷ್ಟಕ್ಕೇ ನಿಲ್ಲದೆ ಮೊಬೈಲ್ ತೆಗೆದು ಉದ್ಘಾಟನೆಯ ವಿಡಿಯೋ ತೋರಿಸಿದರು. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ಪುಸ್ತಕ ದಾನ ಮಾಡಿದ್ದಕ್ಕಾಗಿ ಅಧ್ಯಕ್ಷರು ಅವರಿಗೆ ಒಂದು ಪುಸ್ತಕವನ್ನೇ ಕೊಟ್ಟರು. ‘ಓದು ನನ್ನ ಉಸಿರು’ ಎಂದು ಯಜಮಾನರು ಮೈಕಿನಲ್ಲಿ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಇಷ್ಟು ವರ್ಷ ಉಸಿರು ಬಿಗಿಹಿಡಿದು ಬದುಕಿದ ಆ ಯೋಗಿಯನ್ನು ನಾನು ಬೆರಗಿನಿಂದ ನೋಡಿದೆ.

ಸಂಜೆ ಸೆರಗು ಬಿಗಿದು ವಾಚನಾಲಯಕ್ಕೆ ಹೋದೆ. ಕಾದಂಬರಿಯನ್ನು ಮನೆಗೆ ತರುವುದು, ಉಳಿದದ್ದು ಆಮೇಲೆ ನೋಡಿಕೊಳ್ಳುವುದು ಎಂದು ನಿರ್ಧಾರ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ತುಂಬ ಬಡಾವಣೆಯ ಹಿರಿಯರು. ಒಬ್ಬೊಬ್ಬರ ಮುಖಕ್ಕೂ ಒಂದೊಂದು ದಿನಪತ್ರಿಕೆಯ ಪರದೆ. ಮೂಲೆಯಲ್ಲಿ ನಮ್ಮ ಯಜಮಾನರೂ ಇದ್ದರು. ಗೋಡೆಗೆ ಒರಗಿಸಿದ ಕಪಾಟಿನಲ್ಲಿ ನನ್ನ ಪುಸ್ತಕಗಳು ಮತ್ತೆ ನಿಂತಿದ್ದವು. ಕಾದಂಬರಿಯನ್ನು ತೆಗೆದುಕೊಂಡು ಸಂಘದ ಕಾರ್ಯದರ್ಶಿ ಶಿವಣ್ಣನವರ ಮೇಜಿನ ಮುಂದೆ ನಿಂತೆ.

“ಮೇಡಂ, ಮನೆಗ್ ತಗಂಡೋಗಕ್ಕೆ ಮೆಂಬರ್ರೇ ಬರಬೇಕು. ಮೆಂಬರ್‌ಷಿಪ್ ಮನೆಗೊಂದೇ, ನಿಮ್ಮದು ಸಾರ್ ಹೆಸರಲ್ಲೈತೆ.”

“ಶಿವಣ್ಣ, ಇದು ನನ್ನ ಪುಸ್ತಕ.”

ಅವರು ಅತ್ಯಂತ ವಿನಯದಿಂದ ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. “ಸಾರ್ ಹೆಸರು, ಮನೆ ನಂಬರು ಎಲ್ಲಾ ಐತಲ್ಲ ಮೇಡಂ!”

ನಾನು ಇನ್ನೊಂದಿಷ್ಟು ಪುಟ ತಿರುಗಿಸಿದೆ. ಓದುವಾಗ ಪೆನ್ನು ಹುಡುಕಲು ಎದ್ದರೆ ಯಾರಾದರೂ ಕೆಲಸ ಹೇಳಿಬಿಡುತ್ತಾರೆಂಬ ಭಯಕ್ಕೆ, ಮನಸ್ಸಿಗೆ ನಾಟಿದ ಸಾಲಿನ ಪಕ್ಕ ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ಕಿತ್ತು ಅಂಟಿಸುವುದು ನನ್ನ ರೂಢಿ. ಕೆಂಪು, ಮೆರೂನು, ಒಂದು ಪುಟದಲ್ಲಂತೂ ಹಬ್ಬದ ದಿನದ ಹರಳಿನ ಬೊಟ್ಟು ಫಳಫಳ ಹೊಳೆಯಿತು.

“ನಮ್ಮನೇಲಿ ಸಾರ್ ಬೊಟ್ಟು ಇಟ್ಕೊತಾರಾ ಶಿವಣ್ಣ?”

ಒಂದು ಪತ್ರಿಕೆ ನಡುಗಿತು, ಪಕ್ಕದ್ದೂ ನಡುಗಿತು, ಪರದೆಗಳ ಹಿಂದಿನಿಂದ ಕೆಮ್ಮುಗಳು ಕೇಳಿಬಂದವು. ಮೂಲೆಯ ಪತ್ರಿಕೆ ಮಾತ್ರ ಕಲ್ಲಿನಂತೆ ನಿಂತಿತ್ತು. ಶಿವಣ್ಣ ಕಪಾಟಿನಿಂದ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಒಂದರಿಂದ ಹೇರ್‌ಪಿನ್ನು ಬಿತ್ತು. ಮಹಿಳಾ ಸಮಾಜದ ದಪ್ಪ ಪುಸ್ತಕದಲ್ಲಿ ಚಟ್ನಿಯ ಕಲೆಯ ಮೇಲೊಂದು ಬೊಟ್ಟು.

“ಸಾರ್...” ಎಂದರು ಶಿವಣ್ಣ ಮೂಲೆಯ ಕಡೆ ನೋಡಿ.

“ಏ, ಕೊಟ್ಬುಡಯ್ಯ ಅತ್ಲಾಗೆ,” ಎಂದಿತು ಪತ್ರಿಕೆ. “ನನ್ನ ಹೆಸರಲ್ಲೇ ಬರ್ಕೊ.”

ಸಿಟ್ಟು ನೆತ್ತಿಗೇರಿತು. ಇನ್ನೊಂದು ಸಲ ಆ ಹೆಸರಿನ ಅಡಿ ನನ್ನ ಪುಸ್ತಕ ಮನೆಗೆ ಬರುವುದೇ? ನನ್ನಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ನಾನು ಬಿ.ಎ. ಆದ ದಿನ ಊರಿಗೆಲ್ಲ ಹೇಳಿಕೊಂಡು ಬಂದದ್ದು, ‘ಇನ್ಮೇಲೆ ನಮ್ಮನೆ ಹೆಸರ ನನ್ನ ಮಗಳೇ ಬರೀತಾಳೆ’ ಎಂದು.

“ಬೇಡ ಶಿವಣ್ಣ,” ಎಂದೆ. “ಇಲ್ಲೇ ಓದೋದಕ್ಕೆ ಯಾರ ಹೆಸರೂ ಬೇಡ ತಾನೆ?”

“ಇಲ್ಲಿ ಓದಕ್ಕೆ ಏನೂ ಬೇಡ ಮೇಡಂ... ಆದ್ರೆ ಹೆಂಗಸ್ರು ಯಾರೂ ಇಲ್ಲಿ...”

ಅವರು ಹುಡುಕುತ್ತಿದ್ದ ಮಾತು ಸಿಗುವ ಮೊದಲೇ ನಡುವಿನ ಸಾಲಿನಲ್ಲಿ ಖಾಲಿ ಇದ್ದ ಕುರ್ಚಿ ಎಳೆದು ಕೂತೆ. ಬಾವಿಕಟ್ಟೆಯ ಪುಟ ತೆರೆದೆ. ಕಾಲು ಚಾಚಿ, ಬೆನ್ನಿಗೆ ಆಸರೆ ಕೊಟ್ಟು, ಒಲೆಯ ಮೇಲೆ ಏನೂ ಇಲ್ಲದ ಜಾಗದಲ್ಲಿ ಓದುವುದು ಇಷ್ಟು ಸುಖವೆಂದು ಗೊತ್ತಿದ್ದರೆ ಗಂಡಸರು ಇಷ್ಟು ದಿನ ಬರೀ ಟೆಂಡರ್ ಓದಿ ಕಾಲ ಕಳೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಇಬ್ಬರು ಹಿರಿಯರು ಪತ್ರಿಕೆ ಮಡಿಸಿಟ್ಟು ಪಾರ್ಕಿನ ಬೆಂಚಿಗೆ ವಲಸೆ ಹೋದರು. ಮಾರನೆಯ ಸಂಜೆ ಆ ಕುರ್ಚಿಗಳಲ್ಲೊಂದರಲ್ಲಿ ಸುನಂದಮ್ಮ ಕೂತಿದ್ದರು. ಮೊದಮೊದಲು ಅಭ್ಯಾಸಬಲದಿಂದ ಆಗಾಗ ತಲೆಯೆತ್ತಿ ಕುಕ್ಕರಿನ ಕೂಗಿಗೆ ಕಿವಿಗೊಡುತ್ತಿದ್ದರು, ಆಮೇಲೆ ಅದೂ ಮರೆತುಹೋಯಿತು.

ಮೂರನೆಯ ಸಂಜೆ ಯಜಮಾನರು ಬಾಗಿಲಲ್ಲಿ ನಿಂತು ಶಿವಣ್ಣನವರಿಗೆ ಏನೋ ಸನ್ನೆ ಮಾಡಿದರು. ಶಿವಣ್ಣ ಮೇಜು ಬಿಟ್ಟು ಎದ್ದು ಬಂದರು.

“ಮೇಡಂ, ಸಾರ್ ಕೇಳ್ತಾವ್ರೆ, ಇನ್ನೆಷ್ಟೊತ್ತು ಕೂತಿರ್ತೀರಿ ಅಂತ.”

“ಇದು ಮುಗಿಯೋವರ್ಗೂ.”

ಅವರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಆಮೇಲೆ?”

ನಾನು ಕಪಾಟಿನ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ.

“ಅದರ ಪಕ್ಕದ್ದು.”