ಸಭೆ ಮುಗಿಯುವ ಮೊದಲೇ ಹೊರಟ ಶಾಲೆ

ಕನ್ಸಾಸಿನ ಬಯಲಿನಲ್ಲಿ ಜಿಲ್ಫಾ ಕಟರ್ ಎಂಬ ವಿಧವೆಯಿದ್ದಳು. ಅಕ್ಷರ ಬಾರದು, ಬಾಯಿ ಮಾತ್ರ ಮೂರು ಹೊಲದಾಚೆ ಕೇಳುವಂಥದ್ದು. ಗಂಡ ಜ್ವರದಲ್ಲಿ ಸತ್ತಾಗ ಬಿಟ್ಟುಹೋದದ್ದು ಒಂದು ಮಣ್ಣಿನ ಮನೆ, ಒಂದು ಜೋಡಿ ಎತ್ತು, ಕಾಲು ಸರಿಯಿಲ್ಲದ ಮಗಳು ಓರ್ಫಾ. ಶಾಲೆ ಹಳ್ಳದ ಆಚೆ ದಡದಲ್ಲಿತ್ತು. ಹಳ್ಳ ಚಳಿಗೆ ಹೆಪ್ಪುಗಟ್ಟುತ್ತಿತ್ತು, ಹಿಮ ಕರಗಿದರೆ ಉಕ್ಕುತ್ತಿತ್ತು. ಊರುಗೋಲಿನ ಹುಡುಗಿ ದಾಟುವಂತಿರಲಿಲ್ಲ. ಹನ್ನೊಂದು ತುಂಬಿದ್ದ ಓರ್ಫಾ ಹೀಗೇ ಕುಳಿತರೆ ತನ್ನ ಹಾಗೆ ಕಂಡವರ ಬಟ್ಟೆ ಒಗೆದೇ ಮುದುಕಿಯಾಗುತ್ತಾಳೆ ಎಂಬುದು ಜಿಲ್ಫಾಳ ಸಂಕಟ.

ಶಾಲೆಯೇನು ಕಲ್ಲಿನ ಕೋಟೆಯಲ್ಲ. ಒಂದೇ ಕೋಣೆಯ ಮರದ ಮನೆ, ಅಡಿಯಲ್ಲಿ ಎರಡು ದಪ್ಪ ತೊಲೆ. ಬೇಕಾದಾಗ ಎತ್ತು ಹೂಡಿ ಎಳೆದು ಜಾಗ ಬದಲಿಸುವುದು ಆ ಸೀಮೆಯ ವಾಡಿಕೆ. ಹಿಂದಿನ ಸಲ ಎಳೆದಾಗ ಅದು ಬಂದು ನಿಂತದ್ದು ಊರಿನ ಶಾಲಾ ಸಭೆಯ ಅಧ್ಯಕ್ಷ ಫೈಲೋ ಟ್ರಾಸ್ಕನ ಹಿತ್ತಿಲಿಗೆ ಅಂಟಿಕೊಂಡು. ದೈವಚಿತ್ತ ಎಂದು ಅವನೇ ಹೇಳುತ್ತಿದ್ದ.

ಅಲ್ಲಿ ಹೆಂಗಸರಿಗೆ ರಾಜ್ಯ ಆಳುವವರನ್ನು ಆರಿಸುವ ಬುದ್ಧಿ ಇಲ್ಲ, ಶಾಲೆಯ ಸಭೆಯಲ್ಲಿ ಕೈಯೆತ್ತುವಷ್ಟು ಇದೆ ಎಂದು ಕಾನೂನು ಬರೆದಿದ್ದರು. ಶಾಲೆಯನ್ನು ಹಳ್ಳದ ಈಚೆಗೆ ತರಬೇಕೆಂದು ಹೆಂಗಸರು ಮೂರು ವರ್ಷ ಕೈಯೆತ್ತಿ ಗೆದ್ದರು. ಮೂರು ವರ್ಷವೂ ಟ್ರಾಸ್ಕ್, ಎಳೆಯುವುದು ಯಾರ ಎತ್ತು ಎಂಬ ಚರ್ಚೆ ಎಬ್ಬಿಸಿ, ಸಂಜೆಯ ತನಕ ಜಗ್ಗಿ, ಸುಗ್ಗಿ ಮುಗಿಯಲಿ ಎಂದು ಮುಂದೂಡಿದ. ಅವನಿಗೆ ನಿಯಮದ ಹುಚ್ಚು. ಸಭೆ ಮುಗಿಯಿತೆಂದು ಅವನು ಹೇಳುವ ಮುಂಚೆ ಎದ್ದವನ ಮತ ಹೋಯಿತೆಂದೇ ಲೆಕ್ಕ. ಅಡುಗೆ ನೋಡಲು ಹೆಂಗಸರಿಗೆ ಮಾತ್ರ ವಿನಾಯಿತಿ. ನಿಯಮಕ್ಕಿಂತ ಹೊಟ್ಟೆ ದೊಡ್ಡದು.

ನಾಲ್ಕನೆಯ ವರ್ಷ ಆಗಸ್ಟಿನಲ್ಲಿ ಹಳ್ಳ ಒಣಗಿತ್ತು. ಸಭೆ ಎಂದಿನಂತೆ ಶಾಲೆಯೊಳಗೇ. ಹೆಂಗಸರು ಮತ್ತೆ ಗೆದ್ದರು, ಗಂಡಸರು ಮತ್ತೆ ಎತ್ತಿನ ಚರ್ಚೆಗೆ ಕುಳಿತರು. ಜಿಲ್ಫಾ ಅಡುಗೆಯ ನೆಪದಲ್ಲಿ ಹೆಂಗಸರನ್ನು ಹೊರಗೆ ಕರೆದಳು. ಗಂಡಸರು ಗಾಡಿಗೆ ಹೂಡಿಕೊಂಡು ಬಂದಿದ್ದ ಎತ್ತುಗಳು ಸಾಲಾಗಿ ಮೆಲುಕು ಹಾಕುತ್ತಿದ್ದವು.

"ಯಾರ ಎತ್ತು ಅಂತ ತಾನೆ ತಕರಾರು? ಎಲ್ರುದೂ ಇಲ್ಲೇ ನಿಂತವೆ. ಸರಪಳಿ ತನ್ನಿ" ಎಂದಳು.

ಒಳಗೆ ಮೊದಲು ಶಾಯಿಯ ಕುಡಿಕೆ ಉರುಳಿತು. ಎಫ್ರಾಯಿಮ್ ಎಂಬ ರೈತ ಕಿಟಕಿಯತ್ತ ನೋಡಿ ಅರ್ಧ ಎದ್ದ.

"ಕೂತ್ಕೊಳಯ್ಯ. ಚರ್ಚೆ ಇನ್ನೂ ಮುಗಿದಿಲ್ಲ" ಎಂದ ಟ್ರಾಸ್ಕ್.

"ಮನೆ ನಡೀತಾ ಇದೆ, ಅಧ್ಯಕ್ಷರೇ."

"ಹಾಗಿದ್ರೆ ಅದನ್ನ ಸೂಚನೆಯಾಗಿ ಮಂಡಿಸು. ಅನುಮೋದಿಸೋರು ಬೇಕು."

ಅನುಮೋದಿಸುವವರು ಸಿಗುವಷ್ಟರಲ್ಲಿ ಶಾಲೆ ಹಳ್ಳಕ್ಕೆ ಇಳಿದಿತ್ತು. ಒಲೆಯ ಕೊಳವೆ ಕಳಚಿ ಟ್ರಾಸ್ಕನ ತಲೆಯ ಮೇಲೆ ಮಸಿ ಸುರಿಯಿತು. ಪುಣ್ಯಾತ್ಮ ಕುರ್ಚಿ ಬಿಡಲಿಲ್ಲ, ಅಷ್ಟು ಒಪ್ಪಲೇಬೇಕು. ಈಚೆ ದಡದಲ್ಲಿ ಎತ್ತು ನಿಂತ ಮೇಲೆ, ಕರಿಮುಖದಲ್ಲೇ, ಶಾಲೆಯನ್ನು ವಾಪಸು ಎಳೆಯುವ ಪ್ರಶ್ನೆಯನ್ನು ಮತಕ್ಕೆ ಹಾಕಿದ. ಹೆಂಗಸರು ಬಾಗಿಲಲ್ಲಿ ಸೇಬಿನ ಕಡುಬು ಹಿಡಿದು ನಿಂತಿದ್ದರು. ಗಂಡಸರೆಲ್ಲ ಕಡುಬಿನ ಕಡೆ ನೋಡಿದರು, ವಾಪಸು ಎಳೆಯಲು ಒಬ್ಬನೂ ಕೈಯೆತ್ತಲಿಲ್ಲ, ಪ್ರಶ್ನೆ ಬಿದ್ದುಹೋಯಿತು. ಸಭೆ ಮುಗಿಯಿತೆಂದು ಟ್ರಾಸ್ಕ್ ಘೋಷಿಸಿದ ಮೇಲೇ ಎಲ್ಲರೂ ಎದ್ದರು.

ಚಳಿಗಾಲದ ಪಾಠ ಶುರುವಾದ ದಿನ ಓರ್ಫಾ ಮುಖ ಊದಿಸಿಕೊಂಡು ಬಂದಳು. ಪಾಠದ ನಡುವೆ ಮಾತಾಡಿದಳೆಂದು ಟೀಚರು ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ಎಲ್ಲರೂ ನಕ್ಕರಂತೆ. ನಾಳೆಯಿಂದ ತಾನು ಹೋಗುವುದಿಲ್ಲವೆಂದಳು.

ಜಿಲ್ಫಾ ಬಟ್ಟೆಯ ತೊಟ್ಟಿಯಿಂದ ಕೈ ತೆಗೆದಳು. ನಗು ಬಂತು, ಅದರ ಬೆನ್ನಿಗೇ ಅಳು.

"ಹೋಗ್ತೀಯ ಕಣೇ" ಎಂದಳು. "ನಾನೂ ಚಿಕ್ಕೋಳಿದ್ದಾಗ ಶಾಲೇಲಿ ನಿಂತಿದ್ದೀನಿ. ಕಿಟಕಿ ಹೊರಗೆ, ಬಟ್ಟೆ ಗಂಟು ತಲೆ ಮೇಲಿಟ್ಕೊಂಡು. ನೀನು ಒಳಗೆ ನಿಂತೆ."